ಗಿರಣಿ ಓಣಿಯ ಉಲ್ಟಾ ಪೈಪು

ಸಿದ್ರಾಮಪ್ಪ ಹುಟ್ಟಿದ್ದು ಯಾವ ದಿನ ಅಂತ ಅವರ ಅವ್ವನಿಗೂ ನೆನಪಿರಲಿಲ್ಲ. ಅಕ್ಕಲಕೋಟೆ ಕಡೆಯ ಸಾಲಿ ಮಾಸ್ತರ ಓಣಿಯ ಎಲ್ಲ ಹುಡುಗರಿಗೂ ಬರೆದ ಹಾಗೆ ಇವರಿಗೂ ಜೂನ್ ಒಂದು ಅಂತ ಗೀಚಿಬಿಟ್ಟ. ಹಿಂಗಾಗಿ ಮೇ ಮೂವತ್ತೊಂದಕ್ಕೆ, ಮಳೆ ಇನ್ನೇನು ನಾಲ್ಕು ದಿನ ಅನ್ನುವಾಗ, ಸರಕಾರ ಅವರನ್ನು ಮನೆಗೆ ಕಳಿಸಲು ನಿಂತಿತು. ಅಲ್ಲ, ಈ ಮನುಷ್ಯನಿಗೆ ಮಳೆಗಾಲದ ಬಾಗಿಲಲ್ಲಿ ನಿವೃತ್ತಿಯೇ! ಆ ಮಾಸ್ತರನನ್ನು ಹಿಡಿದು ಕೇಳಬೇಕು ಅಂತ ಹೆಂಡತಿ ಪಾರವ್ವ ವಾರದಿಂದ ಬಯ್ಯುತ್ತಿದ್ದಳು.

ಸ್ವಂತ ಮನೆ ಪುಣೆಯ ಧನಕವಡಿಯಲ್ಲಿ; ನೌಕರಿ, ವಾಸ ಎರಡೂ ಲೋಣಾವಳಾ ಹಾದಿಯ ಒಂದು ಸಣ್ಣ ನಗರಪಾಲಿಕೆಯ ಊರಲ್ಲಿ. ಊರಿನ ಹೆಸರು ಬೇಡ, ಅಲ್ಲಿಯವರು ಸಿಟ್ಟಿಗೇಳುತ್ತಾರೆ. ಓವರ್‌ಸಿಯರ್ ಆಗಿ ಸೇರಿ, ಮೂವತ್ನಾಲ್ಕು ವರ್ಷದಲ್ಲಿ ರಸ್ತೆ, ಗಟಾರ, ನೀರಿನ ಪೈಪು ಎಲ್ಲದಕ್ಕೂ ಮುಖ್ಯಸ್ಥರಾದರು. ಮದುವೆಗೆ ಹೋದರೆ ಮದುಮಕ್ಕಳಿಗಿಂತ ಮೊದಲು ಮಂಟಪದ ಹಿಂದಿನ ಗಟಾರ ನೋಡುವ ಆಸಾಮಿ. ಎಲ್ಲೋ ಪೈಪು ಒಡೆಯಿತು ಅಂತ ಫೋನು ಬಂದರೆ ಎಲೆಯ ಮೇಲಿನ ಹೋಳಿಗೆ ಅಲ್ಲೇ ಬಿಟ್ಟು ಎದ್ದೇಬಿಡುತ್ತಿದ್ದರು. ಒಂದು ಕಣ್ಣು ಮುಚ್ಚಿ ನೆಲ ನೋಡಿದರೆ ಸಾಕು, ನೀರು ಯಾವ ಕಡೆ ಹರಿಯುತ್ತದೆ ಅಂತ ಹೇಳುತ್ತಿದ್ದರು. ಸಾಹೇಬರ ಕಣ್ಣೇ ಲೆವೆಲ್ ಮಷೀನು ಅಂತ ಊರೆಲ್ಲ ಹೊಗಳಿಕೆ.

ಪಾರವ್ವನಿಗೆ ತಿಳಿಯದಿದ್ದದ್ದು ಒಂದೇ. ಪ್ರತಿ ವರ್ಷ ಮೊದಲ ಮಳೆ ಹನಿಯುತ್ತಲೇ ಈ ಗಂಡ ಬಾಗಿಲ ಹಿಂದಿನ ಕಬ್ಬಿಣದ ಹಾರೆ ತಗೊಂಡು ಗಿರಣಿ ಓಣಿಗೆ ಓಡುವುದು. ಕೈಕೆಳಗೆ ನಲವತ್ತು ಮಂದಿ ಇದ್ದರೂ ತಾವೇ! ಅವಳು ಕರಿದ ಮೆಣಸಿನಕಾಯಿ ಭಜಿ, ಮಾಡಿಟ್ಟ ಚಹಾ, ಎರಡೂ ಆರಿ ತಣ್ಣಗಾಗುತ್ತಿದ್ದವು.

"ಆ ಓಣಿಗೆ ಮತ್ಯಾರೂ ಗತಿ ಇಲ್ಲೇನ್ರಿ?" ಅನ್ನುವಷ್ಟರಲ್ಲಿ ಅವರು ಮೆಟ್ಟಿಲು ಇಳಿದಿರುತ್ತಿದ್ದರು.

ಉತ್ತರ ಸಿಕ್ಕಿದ್ದು ಮೇ ಮೂವತ್ತೊಂದರ ಮುಂಜಾನೆ. ಇಸ್ತ್ರಿ ಅಂಗಿಯ ಕಿಸೆಯಲ್ಲಿ ಕರವಸ್ತ್ರ ಇಡಲು ಹೋದಾಗ ಮಡಿಚಿದ ಒಂದು ಕಾಗದ ಕೈಗೆ ಬಂತು. "ಗಿರಣಿ ಓಣಿಯ ರಸ್ತೆ ಕೆಳಗಿನ ಪೈಪನ್ನು ಮೂವತ್ತು ವರ್ಷದ ಹಿಂದೆ ನಾನು ಮಷೀನು ಹಚ್ಚದೆ ಕಣ್ಣಳತೆಯಲ್ಲೇ ಕೂಡಿಸಿದೆ. ನೀರು ಹೊರಬೀಳುವ ಬಾಯಿ ನಾಲ್ಕು ಬೆರಳು ಎತ್ತರವಾಗಿದೆ. ಅದಕ್ಕೇ ಮಳೆ ಬಂದರೆ ಒಳಗೆ ಕೆಸರು ಕಟ್ಟಿ ನೀರು ಓಣಿಗೆ ನುಗ್ಗುತ್ತದೆ. ಸರಿಯಿದೆ ಅಂತ ಸಹಿ ಮಾಡಿದವನೂ ನಾನೇ. ಆ ಸಹಿ ಇರುವ ತನಕ ಅಲ್ಲಿ ಯಾರೂ ಅಗೆಯುವುದಿಲ್ಲ. ಆ ಸಹಿಯೇ ತಪ್ಪು. ಪೈಪು ತೆಗೆದು ಹೊಸದಾಗಿ ಹಾಕಬೇಕು."

ಪಾರವ್ವನಿಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ವರ್ಷ ಸುಮ್ಮನಿದ್ದವರಿಗೆ ಇನ್ನೊಂದು ದಿನ ಸುಮ್ಮನಿರಲು ಏನು ಧಾಡಿ? ಸತ್ಕಾರದ ದಿನವೇ ವಿಚಾರಣೆ, ಚೌಕಶಿ ಹಚ್ಚಿಕೊಂಡು, ಗಳಿಸಿದ ಹೆಸರಿಗೆ ಮಸಿ ಬಳಿದುಕೊಂಡು ಮನೆಗೆ ಬರಬೇಕೇ? ಕಾಗದವನ್ನು ತನ್ನ ಪರ್ಸಿಗೆ ಸೇರಿಸಿ ಕರವಸ್ತ್ರ ಮಾತ್ರ ಕಿಸೆಯಲ್ಲಿಟ್ಟಳು.

ಸಂಜೆ ನಗರಪಾಲಿಕೆಯ ಸಭಾಗೃಹ ತುಂಬಿತ್ತು. ಶಾಲು, ತೆಂಗಿನಕಾಯಿ, ಹಾರ ಎಲ್ಲ ಆದವು. ಅಧ್ಯಕ್ಷರು ಮರಾಠಿಯಲ್ಲಿ ಹೊಗಳಿದ್ದೇ ಹೊಗಳಿದ್ದು. "ಮೂವತ್ನಾಲ್ಕು ವರ್ಷದಲ್ಲಿ ಈ ಕಣ್ಣು ಒಮ್ಮೆಯೂ ತಪ್ಪಲಿಲ್ಲ" ಅಂದಾಗ ಸಿದ್ರಾಮಪ್ಪ ತಲೆ ತಗ್ಗಿಸಿದರು. ಮಂದಿಗೆ ಅದು ವಿನಯದ ಹಾಗೆ ಕಂಡಿತು. ಪಾರವ್ವ ಪರ್ಸನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

ಪಕ್ಕದಲ್ಲಿ ಕೂತವಳು ಗಿರಣಿ ಓಣಿಯ ಶಾಮಲಾ, ಹಿಟ್ಟಿನ ಗಿರಣಿ ನಡೆಸುವವಳು, ಇವರ ಹಾಗೇ ಕನ್ನಡದವಳು. ಕಿವಿಯ ಹತ್ತಿರ ಇನ್ನೂ ಜೋಳದ ಹಿಟ್ಟು ಮೆತ್ತಿತ್ತು.

"ವೈನಿ, ಮಳಿ ಬಂದ ಬಿಡ್ತದ. ಈ ವರ್ಷ ನಮ್ಮ ಓಣಿಗೆ ಯಾರ ಬರ್ತಾರ್ರಿ?" ಅಂದಳು ಮೆಲ್ಲಗೆ. "ಸಾಹೇಬ್ರು ಮೋರಿ ಬಿಡಿಸಿದ ಮ್ಯಾಲೇ ನಮ್ಮನಿ ಚಹಾ ಕುದಿಯೂದು."

"ಚಹಾ?" ಪಾರವ್ವ ಹುಬ್ಬೇರಿಸಿದಳು.

"ಹೌದ್ರಿ, ಪ್ರತಿ ವರ್ಷ. ಎರಡು ಕಪ್ಪು ಕುಡೀತಾರ."

ಅಷ್ಟರಲ್ಲಿ ಸಿದ್ರಾಮಪ್ಪ ಮಾತಾಡಲು ಎದ್ದರು. ನಾಲ್ಕು ಮಾತು ಆಡಿ ಅಂಗಿಯ ಕಿಸೆಗೆ ಕೈ ಹಾಕಿದರು. ಕರವಸ್ತ್ರ. ಪ್ಯಾಂಟಿನ ಕಿಸೆ ತಡವಿದರು. ಏನಿಲ್ಲ. ಆಗ ಅವರು ಪಾರವ್ವನ ಕಡೆ ನೋಡಿದರು. ಸಂಶಯದಿಂದಲ್ಲ, ಅದಾದರೂ ಆಗಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಮನೆಯಲ್ಲಿ ಕನ್ನಡಕ ಕಾಣದಾದಾಗ ನೋಡುವ ಹಾಗೆ ನೋಡಿದರು, ಎಲ್ಲಿದೆ ಅಂತ ಇವಳಿಗೆ ಗೊತ್ತಿರುತ್ತದೆ ಅನ್ನುವ ಭರವಸೆಯಲ್ಲಿ.

ಪಾರವ್ವ ಪರ್ಸು ತೆಗೆದಳು. ಅಯ್ಯ ನನ ಶಿವನ, ಇಂಥವರ ಕಿಸೆಗೆ ಕೈ ಹಾಕಿದೆನಲ್ಲ! ಎದ್ದಳು. ಅಷ್ಟು ಮಂದಿಯ ನಡುವೆ ಹೋಗಿ ಕಾಗದ ಕೊಟ್ಟು, ಯಾರ ಮುಖವನ್ನೂ ನೋಡದೆ ಬಂದು ಕೂತಳು.

ಸಿದ್ರಾಮಪ್ಪ ಪೂರ್ತಿ ಓದಿದರು. ಕೊನೆಗೆ, "ಓಣಿಯವರು ನನ್ನ ಕ್ಷಮಿಸಬೇಕು" ಅಂದರು. ಅಧ್ಯಕ್ಷರು ಏನು ಮಾಡಬೇಕೆಂದು ತಿಳಿಯದೆ ಮೇಜಿನ ಮೇಲಿನ ಹಾರ ಸರಿಮಾಡುತ್ತ ಕೂತರು. ಎದ್ದು ನಿಂತವಳು ಶಾಮಲಾ.

"ನಮಗ ಗೊತ್ತಿತ್ರಿ, ಸಾಹೇಬ್ರ. ಪೈಪು ಉಲ್ಟಾ ಅದ ಅಂತ ನಮ್ಮ ಮಾವ ಮೊದಲನೇ ವರ್ಷಾನ ಹೇಳಿದ್ರು. ತಪ್ಪು ಇಲ್ಲದ ಸಾಹೇಬ ತಾನ ಹಾರಿ ಹಿಡಕೊಂಡು ಯಾಕ ಬಂದಾನು?"

ಸಿದ್ರಾಮಪ್ಪ ಕಾಗದ ಕೆಳಗಿಳಿಸಿದರು. "ಗೊತ್ತಿದ್ದೂ ಒಂದು ಅರ್ಜಿ ಕೊಡಲಿಲ್ಲ?"

"ಒಂದ ವರ್ಷ ಹಿಟ್ಟು ತೊಯ್ದಿತ್ತು. ಆಮ್ಯಾಲ ನೀವು ಒಂದು ಮಳಿ ತಪ್ಪಿಸಲಿಲ್ಲ, ನಮ್ಮದು ಒಂದು ಮುಟಗಿ ತೊಯ್ಲಿಲ್ಲ. ಅರ್ಜಿ ಕೊಟ್ಟು ನಿಮ್ಮನ್ನ ತಲಿ ತಗ್ಗಸೂ ಹಂಗ ಮಾಡೂದೇನ್ರಿ?"

ಯಾರೋ ಚಪ್ಪಾಳೆ ಹೊಡೆದರು. ಆಮೇಲೆ ಎಲ್ಲರೂ. ಪಾರವ್ವ ಮಾತ್ರ ಹೊಡೆಯಲಿಲ್ಲ, ಸೆರಗಿನಿಂದ ಕಣ್ಣು ಒರೆಸುವುದರಲ್ಲೇ ಇದ್ದಳು.

ಅವರ ಕುರ್ಚಿಗೆ ಬರಲಿದ್ದವಳು ಸೊಲ್ಲಾಪುರದ ಹುಡುಗಿ, ಶೈಲಾ. ಸಿದ್ರಾಮಪ್ಪ ವೇದಿಕೆ ಇಳಿದ ಕೂಡಲೇ ಅವರ ಕೈಯಿಂದ ಕಾಗದ ಇಸಿದುಕೊಂಡಳು.

"ನಾಳೆನ ಫೈಲು ತಗೀತೀನ್ರಿ, ಸರ್. ಆದ್ರ ಕೆಲಸ ಆಗೂದು ದೀಪಾವಳಿ ಮ್ಯಾಲ. ಈ ಮಳಿಗೆ ನಾ ಹೋಗ್ತೀನಿ. ಆ ಹಾರಿ ಕೊಡ್ರಿ."

ಸಿದ್ರಾಮಪ್ಪ ಹೂಂ ಅನ್ನುವುದರೊಳಗೆ ಪಾರವ್ವ ನಡುವೆ ಬಂದಳು.

"ದೀಪಾವಳಿ ಆದ ಮ್ಯಾಲ ಪೈಪು ನೀ ನೋಡ್ಕೋವಾ. ಈ ವರ್ಷ ಹಾರಿ ಕೊಡೂದಿಲ್ಲ." ಗಂಡನ ಕಡೆ ತಿರುಗಿದಳು. "ಮೂವತ್ತು ವರ್ಷ ಒಬ್ಬರ ಹೋಗಿ ಎರಡೆರಡು ಕಪ್ಪು ಚಹಾ ಕುಡದ ಬಂದೀರಿ. ಈ ಸಲ ಭಜಿ ಕಟಗೊಂಡು ನಾನೂ ಬರ್ತೀನಿ."