ಲಾಡಿಯ ಗುರುತು

ಶಿಕಾಗೋ ಹತ್ತಿರದ ವುಡ್‌ರಿಡ್ಜ್‌ನ ಡಾಕ್ಟರ್ ಸರಳಾ ಮೂವತ್ತೆರಡು ವರ್ಷ ಚರ್ಮದ ಕಾಯಿಲೆ ನೋಡಿ ರಿಟೈರ್ ಆದರು. ಆದರೆ ಚರ್ಮ ಅವರನ್ನು ಬಿಡಬೇಕಲ್ಲ! ಯುಗಾದಿ ಊಟದಲ್ಲಿ ತಟ್ಟೆಗೆ ಹೋಳಿಗೆ ಬೀಳುವ ಮೊದಲೇ ಪಕ್ಕದವರು ಯಾರಾದರೂ ತೋಳು ಮೇಲೇರಿಸಿ, "ಆಂಟಿ, ಇದೊಂಚೂರು ನೋಡಿ" ಎನ್ನುತ್ತಿದ್ದರು. ಸರಳಾ ಬೈಯುತ್ತಲೇ ನೋಡುತ್ತಿದ್ದರು. "ಕೆರ್ಕೋಬೇಡ ಅಂತ ಹೋದ ವರ್ಷಾನೇ ಹೇಳಿದ್ನಲ್ಲ, ನಿನ್ ಕೈಗೆ ಬೇರೆ ಕೆಲಸ ಇಲ್ವಾ?" ಬೈಸಿಕೊಂಡವರಿಗೆ ಅರ್ಧ ಕಾಯಿಲೆ ಅಲ್ಲೇ ವಾಸಿಯಾಗುತ್ತಿತ್ತು.

ಗ್ವಾಟೆಮಾಲ ಎಂಬ ದೇಶ ಈ ಸರಳಾಗೆ ಗೊತ್ತಿದ್ದದ್ದು ಏಲಕ್ಕಿ ಪ್ಯಾಕೆಟ್ಟಿನ ಹಿಂಬದಿಯಿಂದ. ಇಂಡಿಯನ್ ಸ್ಟೋರಿನ ಏಲಕ್ಕಿ ಅಲ್ಲಿಂದ ಬರುತ್ತದೆ ಎಂದು ಓದಿದ ದಿನ, ಪಾಯಸಕ್ಕೆ ಘಮವೇ ಇಲ್ಲವೆಂದು ಗಂಡ ಜಯಸಿಂಹರ ಕಿವಿ ತೂತಾಗುವಷ್ಟು ಗೊಣಗಿದ್ದರು.

ಆ ದೇಶವನ್ನು ಸರಿಯಾಗಿ ಪರಿಚಯಿಸಿದವಳು ದಿಯಾ. ಗೆಳತಿಯ ಮಗಳು, ಪ್ಲೇನ್‌ಫೀಲ್ಡ್‌ನಲ್ಲಿ ಹುಟ್ಟಿ ಬೆಳೆದವಳು, ಈಗ ಆಶ್ರಯ ಕೇಳಿ ಬಂದವರ ಪರ ವಾದಿಸುವ ವಕೀಲೆ. "ಆಂಟಿ, ನನ್ನ ಕ್ಲೈಂಟ್ ಮೈಮೇಲಿರೋ ಸ್ಕಾರ್ಸ್ ನೋಡಿ ಒಂದು ರಿಪೋರ್ಟ್ ಬರೀತೀರಾ? ಸೋಮವಾರದೊಳಗೆ ಫೈಲ್ ಮಾಡ್ಬೇಕು. ಕೇಸ್ ಸೋತ್ರೆ ಅವರನ್ನ ವಾಪಸ್ ಕಳಿಸ್ತಾರೆ" ಎಂದಳು.

ಕ್ಲೈಂಟಿನ ಹೆಸರು ಕತರೀನಾ. ವಯಸ್ಸು ಐವತ್ತೆರಡು. ಗ್ವಾಟೆಮಾಲದ ಇಷಿಲ್ ಎಂಬ ಮಾಯಾ ಜನಾಂಗದವಳು. ಈಗ ಪಕ್ಕದ ಲಿಸ್ಲ್‌ನ ಆಫೀಸುಗಳನ್ನು ಗುಡಿಸಿ ಒರೆಸುವವಳು. ಸರಳಾ ಅವಳ ಫೈಲನ್ನು ಕೂತಲ್ಲೇ ಓದಿದರು. ಗ್ವಾಟೆಮಾಲದ ಚುನಾಯಿತ ಸರ್ಕಾರವೊಂದು ಅಮೆರಿಕದ ಬಾಳೆಹಣ್ಣಿನ ಕಂಪನಿ ಪಾಳುಬಿಟ್ಟಿದ್ದ ಜಮೀನನ್ನು ರೈತರಿಗೆ ಹಂಚಹೊರಟಿತ್ತು. ೧೯೫೪ರಲ್ಲಿ ಆ ಸರ್ಕಾರವನ್ನು ಉರುಳಿಸಿದವರ ಬೆನ್ನಿಗೆ ನಿಂತದ್ದು ಅಮೆರಿಕವೇ. ಆಮೇಲೆ ಸೇನೆಯ ದರ್ಬಾರು, ಮೂವತ್ತಾರು ವರ್ಷದ ಅಂತರ್ಯುದ್ಧ. ೧೯೮೨ರಲ್ಲಿ ಸೈನಿಕರು ಇಷಿಲ್ ಹಳ್ಳಿಗಳಿಗೆ ಬೆಂಕಿಯಿಟ್ಟಾಗ ಕತರೀನಾಗೆ ಒಂಬತ್ತು ವರ್ಷ. ಉರಿಯುವ ಸೂರು ಭುಜದ ಮೇಲೆ ಬಿತ್ತು. ಅವಳು ಹೊರಗೆ ಬಂದಳು, ಅಮ್ಮ ಬರಲಿಲ್ಲ. ೨೦೧೩ರಲ್ಲಿ ರಾಜಧಾನಿಯ ಕೋರ್ಟಿನಲ್ಲಿ ನಿಂತು ಅದನ್ನೆಲ್ಲ ಹೇಳಿದಳು. ಅಂದು ದೇಶ ಆಳಿದ್ದ ಸೇನಾಧಿಕಾರಿಗೆ ಶಿಕ್ಷೆಯೂ ಆಯಿತು, ಹತ್ತೇ ದಿನದಲ್ಲಿ ತೀರ್ಪು ರದ್ದೂ ಆಯಿತು. ಸಾಕ್ಷಿ ಹೇಳಿದವಳ ಹೆಸರು ಮಾತ್ರ ಯಾರೂ ಮರೆಯಲಿಲ್ಲ. ಬೆದರಿಕೆಗಳು ವರ್ಷಗಟ್ಟಲೆ ಬಂದವು. ಎರಡು ವರ್ಷದ ಹಿಂದೆ ಮುಸುಕು ಹಾಕಿದವರು ಮನೆಗೇ ನುಗ್ಗಿ ಕೈ ಸೀಳಿ ಹೋದರು. ಓದಿ ಮುಗಿಸಿದ ಸರಳಾಗೆ ತಾವು ಏಲಕ್ಕಿಗೆ ಗೊಣಗಿದ್ದು ನೆನಪಾಗಿ ನಾಚಿಕೆಯಾಯಿತು.

ಶನಿವಾರ ದಿಯಾಳ ಆಫೀಸಿನಲ್ಲಿ ಪರೀಕ್ಷೆ. ಕತರೀನಾ ಸ್ಪ್ಯಾನಿಷ್‌ನಲ್ಲಿ ಹೇಳಿದ್ದನ್ನು ದಿಯಾ ತಿಳಿಸುತ್ತಿದ್ದಳು. ಭುಜದ ಸುಟ್ಟ ಗಾಯ, ಮುಂಗೈಯ ಸೀಳು, ಎರಡರಲ್ಲೂ ಅನುಮಾನಕ್ಕೆ ಎಡೆಯಿರಲಿಲ್ಲ. ಉಳಿದದ್ದು ಸೊಂಟದ ಸುತ್ತ ಕಪ್ಪಾಗಿ ದಪ್ಪಗಟ್ಟಿದ್ದ ಪಟ್ಟಿ. ಮೊದಲು ನೋಡಿದ ಯಾರೋ ಎಳೆಯ ಡಾಕ್ಟರು ಅದನ್ನು ಹಗ್ಗದಿಂದ ಬಹುಕಾಲ ಕಟ್ಟಿಹಾಕಿದ ಗುರುತು ಎಂದು ಬರೆದಿದ್ದರು. ಆ ರಿಪೋರ್ಟು ಆಗಲೇ ಕೋರ್ಟಿಗೆ ಹೋಗಿತ್ತು.

ಸರಳಾರ ಬೆರಳು ಆ ಪಟ್ಟಿಯ ಮೇಲೆ ನಿಂತುಬಿಟ್ಟಿತು. ಇದು ಅವರು ಹುಟ್ಟಿದಾಗಿನಿಂದ ನೋಡಿದ ಚರ್ಮ! ತಾಯಿ ಪದ್ಮಮ್ಮನ ಸೊಂಟದಲ್ಲಿತ್ತು, ಅಜ್ಜಿಗಿತ್ತು. ಸೀರೆ ಜಾರದಂತೆ ದಿನವೂ ಬಿಗಿದ ಲಂಗದ ಲಾಡಿಯ ಗುರುತು.

"ಇದು ಹೆಂಗಾಯ್ತು ಅಂತ ಇವರನ್ನ ಕೇಳಿದ್ಯೇನೆ?"

"ಇಲ್ಲ ಆಂಟಿ. ಅದರ ಬಗ್ಗೆ ಅವ್ರು ಮಾತೇ ಆಡಲ್ಲ. ಟ್ರಾಮಾ ಅಂದ್ಕೊಂಡು ನಾನೂ ಕೇಳ್ಲಿಲ್ಲ."

ಸರಳಾ ಬಾಗಿಲು ಹಾಕಿದೆಯೇ ಎಂದೊಮ್ಮೆ ನೋಡಿ, ತಮ್ಮ ಕುರ್ತಾ ಮೇಲೆತ್ತಿದರು. ಅಲ್ಲೂ ಅದೇ ಪಟ್ಟಿ. ಸೀರೆ ಬಿಟ್ಟು ಇಪ್ಪತ್ತೈದು ವರ್ಷವಾದರೂ, ಅಳಿಸಲೆಂದು ಕ್ರೀಮು ಹಚ್ಚಿ ಹಚ್ಚಿ ಸುಸ್ತಾದರೂ ಹೋಗದ ಪಟ್ಟಿ. ಕತರೀನಾ ಬಗ್ಗಿ ನೋಡಿದಳು, ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಅವರಲ್ಲೂ ಉದ್ದ ಲಂಗದಂಥ ಬಟ್ಟೆ ಸುತ್ತಿ, ನೇಯ್ದ ಪಟ್ಟಿಯಿಂದ ಬಿಗಿಯುತ್ತಾರಂತೆ. ಅವಳಿಗೆ ಅದನ್ನು ಬಿಗಿಯಲು ಕಲಿಸಿದವಳು ಅಮ್ಮ. ಡಾಕ್ಟರು ಏನು ಬರೆದುಕೊಂಡರೆಂದು ಅವಳಿಗೆ ಈವರೆಗೆ ಯಾರೂ ಓದಿ ಹೇಳಿರಲೇ ಇಲ್ಲ.

ದಿಯಾ ಹಳೆಯ ರಿಪೋರ್ಟನ್ನು ತೆರೆದು ನೋಡಿದಳು. "ಆಂಟಿ, ಈಗ ಅದು ತಪ್ಪು ಅಂದ್ರೆ ಉಳಿದ ಗಾಯಾನೂ ನಂಬಲ್ಲ. ನೀವು ಸೊಂಟದ ವಿಷಯ ಬರೀದೇ ಇದ್ರೆ..." ಎಂದವಳು ತನ್ನ ಮಾತಿಗೆ ತಾನೇ ನಾಚಿದಳು.

ಸರಳಾ ಬೈಯಲಿಲ್ಲ. ಅವರ ಮನಸ್ಸೂ ಅದನ್ನೇ ಹೇಳುತ್ತಿತ್ತು. ಒಂದು ಸಾಲು ಬಿಟ್ಟರೆ ಒಂದು ಜೀವ ಉಳಿಯಬಹುದು. ಸತ್ಯ ಹೇಳುವುದು ಸಲೀಸು ಎನ್ನುವವರು ಇಂಥ ಕಡೆ ಒಮ್ಮೆ ಪೆನ್ನು ಹಿಡಿದು ನೋಡಬೇಕು. ಕೊನೆಗೆ, "ಮೈ ಅವರದು, ಅವರನ್ನೇ ಕೇಳು" ಎಂದರು. ದಿಯಾ ಎಲ್ಲವನ್ನೂ ಬಿಡಿಸಿ ಹೇಳಿದಳು, ಸೋಲಬಹುದು ಎಂಬುದನ್ನೂ ಸೇರಿಸಿ. ಕತರೀನಾಳ ನಗು ಹೋಯಿತು. ಇದ್ದದ್ದನ್ನು ಇದ್ದಹಾಗೇ ಬರೆಯಿರಿ ಎಂದಳು.

ಮುಂದಿನ ತಿಂಗಳು ಶಿಕಾಗೋದ ಕೋರ್ಟಿನಲ್ಲಿ ದಿಯಾ ಹೆದರಿದ್ದೇ ಆಯಿತು. ಸರ್ಕಾರದ ವಕೀಲರು ಎರಡೂ ರಿಪೋರ್ಟು ಎತ್ತಿ ಹಿಡಿದು, ಒಬ್ಬರು ಹಗ್ಗ ಅಂದರು, ಇನ್ನೊಬ್ಬರು ಬಟ್ಟೆ ಅನ್ನುತ್ತಾರೆ, ಯಾವುದನ್ನು ನಂಬುವುದು ಎಂದು ಕೇಳಿದರು. ಸರಳಾ ತಮಗೆ ಗೊತ್ತಿದ್ದಷ್ಟನ್ನು ಹೇಳಿದರು. ಆಗ ನ್ಯಾಯಾಧೀಶರು ಕತರೀನಾಳ ಕಡೆ ತಿರುಗಿದರು. ಮೊದಲ ರಿಪೋರ್ಟು ನಿಮಗೆ ಅನುಕೂಲವಾಗಿಯೇ ಇತ್ತಲ್ಲ, ಯಾಕೆ ತಿದ್ದಿಸಿದಿರಿ?

ಕತರೀನಾ ತನ್ನ ಇಷಿಲ್ ಭಾಷೆಯಲ್ಲೇ ಉತ್ತರಿಸಿದಳು. ಕೋರ್ಟಿನ ದುಭಾಷಿ ಅದನ್ನು ನಿಧಾನವಾಗಿ ಹೇಳಿದರು.

"ಭುಜದ್ದು ಸಿಪಾಯಿಗಳದು. ಕೈಯದು ಮುಸುಕಿನವರದು. ಸೊಂಟದ್ದು ಅಮ್ಮನದು. ಅಮ್ಮನ ಫೋಟೋ ಇಲ್ಲ, ಗೋರಿ ಇಲ್ಲ, ನನಗಿರುವುದು ಇದೊಂದೇ. ಇದನ್ನೂ ಅವರ ಹೆಸರಿಗೆ ಬರೆದುಕೊಡಬೇಕೇ?"

ನ್ಯಾಯಾಧೀಶರು, ತನಗೆ ಒಳ್ಳೆಯದಾಗುವ ಸುಳ್ಳನ್ನೂ ಒಲ್ಲೆ ಎಂದವಳ ಮಾತನ್ನು ತಾವು ನಂಬುವುದಾಗಿ ಹೇಳಿ ಆಶ್ರಯ ಕೊಟ್ಟರು. ದಿಯಾ ಅಲ್ಲೇ ಅತ್ತಳು. ಸರಳಾ ಪಾರ್ಕಿಂಗ್ ತನಕ ತಡೆದುಕೊಂಡರು.

"ಗೆದ್ರೇನೇ?" ಎಂದು ಅಲ್ಲೇ ಕಾದಿದ್ದ ಜಯಸಿಂಹ ಕಾರು ಹೊರಡಿಸುತ್ತ ಕೇಳಿದರು.

"ಗೆದ್ವಿ," ಎಂದರು ಸರಳಾ. "ನಮ್ಮಮ್ಮ ಲಾಡಿ ಬಿಗಿದಾಗೆಲ್ಲ ನಾನು ಕಿರುಚ್ತಿದ್ದೆ ರೀ."

ಮನೆಗೆ ಬಂದ ಸರಳಾ ಚಪ್ಪಲಿಯನ್ನೂ ಬಿಡದೆ ನೇರ ಮಹಡಿಗೆ ಹೋದರು. ಬಾತ್‌ರೂಮಿನ ಕಪಾಟಿನಲ್ಲಿದ್ದ ಕ್ರೀಮಿನ ಟ್ಯೂಬನ್ನು ತೆಗೆದು ಕಸದ ಬುಟ್ಟಿಗೆ ಹಾಕಿದರು.