ಭಾವ ಕಲಿಸದೇ ಹೋದ ಬಡಿತ

ನಮ್ಮ ಭಾವ ಕಲ್ಲುಕೆಲಸದ ಮೇಸ್ತ್ರಿ. ಗೋಡೆ ಕಟ್ಟುವುದರಲ್ಲಿ ಎತ್ತಿದ ಕೈ, ಮಾತಿನಲ್ಲಿ ಮಾತ್ರ ಮಹಾ ಜಿಪುಣ. ಅಕ್ಕ ಇದ್ದಾಗ ಇಬ್ಬರ ಪಾಲಿನ ಮಾತನ್ನೂ ಅವಳೇ ಆಡುತ್ತಿದ್ದಳು. ಇವರು ಹೂಂ ಅಂದರೆ ಅದೇ ಒಂದು ಭಾಷಣ. ಆರು ವರ್ಷದ ಹಿಂದೆ ಊರ ಮೇಲಿನ ಗುಡ್ಡ ಜರಿದು ಮೂರು ಮನೆ ಮಣ್ಣುಪಾಲಾದವು. ಒಳಗಿದ್ದವರೆಲ್ಲ ಸಿಕ್ಕರು, ಕೆಲವರು ಜೀವಂತ, ಕೆಲವರು ಹೆಣವಾಗಿ. ಅಕ್ಕ ಮಾತ್ರ ಎಷ್ಟು ಹುಡುಕಿದರೂ ಸಿಗಲಿಲ್ಲ.

ಹುಡುಕಲು ಬಂದವರು ನಮಗೊಂದು ಕ್ರಮ ಕಲಿಸಿದ್ದರು. ಕಲ್ಲಿನ ಮೇಲೆ ಮೂರು ಸಲ ಬಡಿಯಬೇಕು, ಎಲ್ಲರೂ ಉಸಿರು ಬಿಗಿಹಿಡಿದು ಸುಮ್ಮನಾಗಬೇಕು, ಕಿವಿಯಿಟ್ಟು ಕೇಳಬೇಕು. ಎರಡನೆಯ ದಿನ ಭಾವ ಬಡಿದಾಗ ಉತ್ತರ ಬಂತು. ಪಕ್ಕದಲ್ಲೇ ಕಿವಿಯಿಟ್ಟಿದ್ದ ನನಗೂ ಕೇಳಿಸಿತು. ತಂಡದ ಮುಖ್ಯಸ್ಥ ಬಂದು, ಅದು ಆಚೆ ಬದಿ ಅಗೆಯುತ್ತಿರುವ ನಮ್ಮವರದೇ ಸದ್ದು, ಇಲ್ಲಿ ಹೊತ್ತು ಕಳೆಯಬೇಡಿ ಎಂದ. ಹೆಲ್ಮೆಟ್ ಹಾಕಿಕೊಂಡವನ ಮುಂದೆ ನಮ್ಮದೇನು ನಡೆಯುತ್ತದೆ? ಎದ್ದು ಹೋದೆವು. ಅದೇ ಸಂಜೆ ಇನ್ನಷ್ಟು ಗುಡ್ಡ ಕುಸಿದು ಆ ಜಾಗವೇ ಮುಚ್ಚಿಹೋಯಿತು.

ಅಂದಿನಿಂದ ಭಾವನನ್ನು ತಿನ್ನುತ್ತಿದ್ದದ್ದು ಒಂದೇ ಪ್ರಶ್ನೆ. ಆ ಸದ್ದು ಆಚೆಯವರದಾದರೆ ಅಕ್ಕ ಮೊದಲೇ ಹೋಗಿಬಿಟ್ಟಿದ್ದಳು. ಅವಳದೇ ಆದರೆ, ಬದುಕಿದ್ದವಳನ್ನು ಬಿಟ್ಟು ಬಂದಂತಾಯಿತು. ಅವರು ನನ್ನನ್ನು ಕೇಳಲಿಲ್ಲ, ನಾನೂ ಬಾಯಿಬಿಡಲಿಲ್ಲ.

ಈ ವರ್ಷ ಕ್ಯಾಂಪಿನವರು ಬಂದರು. ಎಲ್ಲೆಲ್ಲಿಂದಲೋ ಬಂದ ಹತ್ತಿಪ್ಪತ್ತು ಜನ, ಸಂಬಳವಿಲ್ಲದೆ ನಮಗೊಂದು ಸಮುದಾಯ ಭವನ ಕಟ್ಟಿಕೊಡುವ ಉತ್ಸಾಹ. ನಮ್ಮೂರಿನಲ್ಲಿ ಸಮತಟ್ಟು ಅಂತ ಇರುವುದು ಜರಿದ ಗುಡ್ಡ ಹರಡಿದ ಜಾಗ ಒಂದೇ. ಜರಿಯಬೇಕಾದದ್ದೆಲ್ಲ ಜರಿದಾಗಿದೆ ಎಂದು ಇಂಜಿನಿಯರ್ ಧೈರ್ಯ ಹೇಳಿದ. ಕಲ್ಲೂ ಅಲ್ಲಿಯದೇ, ರಸ್ತೆಯಿಲ್ಲದ ಊರಿಗೆ ಇಟ್ಟಿಗೆ ಹೊತ್ತು ತರುವವರಾರು? ಭಾವ ಆ ಕಡೆ ತಲೆ ಹಾಕುವುದಿಲ್ಲ ಎಂದುಕೊಂಡಿದ್ದೆ. ಮೊದಲ ದಿನವೇ ಸುತ್ತಿಗೆ ಹಿಡಿದು ಬಂದು ನಿಂತರು.

ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಮಾತು ಎಷ್ಟು ದಿನ ಬಂದೀತು ಅನ್ನುತ್ತಾರೆ. ಭಾವನಿಗೆ ಮಾತ್ರ ಹೇಳಿಕೊಟ್ಟದ್ದು ಬಿಟ್ಟು ಹೋಗಲೇ ಇಲ್ಲ. ಪ್ರತಿ ಕಲ್ಲು ಕೂರಿಸಿದ ಮೇಲೂ ಸುತ್ತಿಗೆಯ ಹಿಡಿಯಿಂದ ಮೂರು ಸಲ ಬಡಿಯುವರು, ಕಿವಿಯಿಡುವರು, ಆಮೇಲೆ ಮುಂದಿನ ಕಲ್ಲು. ನಾವು ಊರಿನವರು ಮುಖ ತಿರುಗಿಸುತ್ತಿದ್ದೆವು. ಕ್ಯಾಂಪಿನವರು, ಪಾಪ, ಕಲ್ಲು ಗಟ್ಟಿಯಾಗಿ ಕೂತಿದೆಯೋ ಎಂದು ನೋಡುವ ಹಳೇ ವಿದ್ಯೆ ಇದು ಎಂದುಕೊಂಡರು. ವಾರದೊಳಗೆ ಎಲ್ಲರೂ ಬಡಿದು ಕಿವಿಯಿಡತೊಡಗಿದರು. ಒಬ್ಬನಂತೂ ತಲೆದೂಗಿ, ಕೂತಿದೆ ಎಂದು ತೀರ್ಪು ಬೇರೆ ಕೊಡುತ್ತಿದ್ದ. ನನಗೆ ಮೊದಲು ನಗು ಬಂತು, ಆಮೇಲೆ ಭಯವಾಯಿತು. ಎಲ್ಲಿ ನಿಂತರೂ ಆವತ್ತಿನದೇ ಸದ್ದು. ಇದು ಯಾತರ ಬಡಿತವೆಂದು ಕ್ಯಾಂಪಿನವರಿಗೆ ಹೇಳಿಬಿಡೋಣವೆಂದು ಹೋಗುತ್ತಿದ್ದೆ, ಅವರಿಗೆ ತಂದ ನೀರಿನ ಕೊಡ ಇಳಿಸಿ ವಾಪಸಾಗುತ್ತಿದ್ದೆ.

ಹಿಂದಿನ ಗೋಡೆ ಆಳೆತ್ತರಕ್ಕೆ ಬಂದ ದಿನ, ಕೆಳಗಿನ ವರಸೆಯ ಕಲ್ಲಿಗೆ ಬಡಿದು ಕಿವಿಯಿಟ್ಟ ಭಾವ ಏಳಲೇ ಇಲ್ಲ. ಮುಖ ಬಿಳಿಚಿಕೊಂಡಿತು. ಮತ್ತೆ ಬಡಿದರು, ಮತ್ತೆ ಕೇಳಿದರು. ಆಮೇಲೆ ಸುತ್ತಿಗೆ ಬಿಸುಟು, ತಾವೇ ಕಟ್ಟಿದ ಗೋಡೆಯನ್ನು ಬರಿಗೈಯಲ್ಲಿ ಕೀಳತೊಡಗಿದರು.

"ಇದ್ದಾಳೆ. ಉತ್ತರ ಕೊಟ್ಳು."

ಉಗುರು ಕಿತ್ತು ರಕ್ತ ಬಂದರೂ ನಿಲ್ಲಿಸಲಿಲ್ಲ. ನಾನು ಗೋಡೆಯ ಆಚೆಗೆ ಓಡಿದೆ. ಅಲ್ಲಿ ಕ್ಯಾಂಪಿನ ಕನ್ನಡಕದ ಹುಡುಗಿ ಕುಕ್ಕರಗಾಲಲ್ಲಿ ಕೂತು, ಸಂದಿಗೆ ಚಕ್ಕೆ ಕಲ್ಲು ತುಂಬಿ, ಭಾವನಿಂದ ಕಲಿತಂತೆಯೇ ಬಡಿದು ನೋಡುತ್ತಿದ್ದಳು. ಅವಳನ್ನು ಕೈಹಿಡಿದು ಈಚೆಗೆ ಕರೆತಂದು ಎಲ್ಲರೆದುರು ಎಲ್ಲವನ್ನೂ ಹೇಳಿದೆ. ಹುಡುಗಿ ಅಳತೊಡಗಿದಳು. ಭಾವ ಬೈಯಲಿಲ್ಲ. ಬಹಳ ಹೊತ್ತು ಅವಳ ಕೈಯನ್ನೇ ನೋಡಿದರು.

"ಆಚೆ ಹೋಗಮ್ಮಾ, ಇನ್ನೊಂದ್ಸಲ ಬಡಿ."

ಎಲ್ಲರೂ ಕೆಲಸ ನಿಲ್ಲಿಸಿದರು. ಭಾವ ಕಲ್ಲಿಗೆ ಕಿವಿಯಿಟ್ಟರು, ಪಕ್ಕದಲ್ಲಿ ನಾನೂ ಇಟ್ಟೆ. ಆಚೆಯಿಂದ ಮೂರು ಬಡಿತ ಬಂತು, ಒಂದೇ ಸಮ, ಚುರುಕಾಗಿ.

ಭಾವ ಕಣ್ಣು ಮುಚ್ಚಿಕೊಂಡೇ ಕೇಳಿದರು. "ಆವತ್ತು ನೀನೂ ಕೇಳಿದ್ಯಲ್ಲಮ್ಮಾ. ನಂಗೆ ಈಗ ಸರಿಯಾಗಿ ನೆನಪಾಗ್ತಿಲ್ಲ. ಹೀಗೇ ಇತ್ತಾ?"

ನನಗೆ ನೆನಪಿದೆ. ಆವತ್ತಿನದು ಸೋತ ಕೈಯ ಬಡಿತ. ಎರಡು ಬಡಿದು, ಸುಧಾರಿಸಿಕೊಂಡು, ತಡವಾಗಿ ಮೂರನೆಯದು. ಅಗೆಯುವ ಗಂಡಸರು ಹಾಗೆ ಬಡಿಯುವುದಿಲ್ಲ.

"ಹೀಗೇ ಇತ್ತು ಭಾವ. ಅದು ಆಚೆಯವರದೇ."

ಭಾವ ಗೋಡೆಗೊರಗಿ ಮಗುವಿನಂತೆ ಅತ್ತರು. ಆಮೇಲೆ ಕಿತ್ತ ಕಲ್ಲುಗಳನ್ನೆಲ್ಲ ಮತ್ತೆ ಕೂರಿಸಿದರು, ಒಂದಕ್ಕೂ ಬಡಿಯದೆ.

ಭವನ ಮುಗಿದಿದೆ. ಸಂಜೆ ಊರೆಲ್ಲ ಅಲ್ಲಿ ಸೇರುತ್ತದೆ. ಭಾವ ಹಿಂದಿನ ಗೋಡೆಗೆ ಬೆನ್ನು ಕೊಟ್ಟು ಕೂತು, ಈಗೀಗ ನಾಲ್ಕು ಮಾತು ಆಡುತ್ತಾರೆ, ನಗುತ್ತಾರೆ ಕೂಡ. ಇತ್ತ ಬಾರಮ್ಮಾ ಎಂದು ಕರೆಯುತ್ತಾರೆ. ಕಾಲುನೋವು ಎಂದು ಸುಳ್ಳು ಹೇಳಿ ನಾನು ಬಾಗಿಲ ಬಳಿಯೇ ಕೂರುತ್ತೇನೆ. ಆ ಗೋಡೆಗೆ ಕಿವಿ ತಾಗೀತೆಂದು ನನಗೆ ಭಯ.