ಸಲ್ಬಿಯಾಳ ಕೈ

ಮಲೇಶಿಯಾದ ಪೆನಾಂಗಿನ ಚಿಪ್ ಕಾರ್ಖಾನೆಗೆ ಸಲ್ಬಿಯಾ ಸೇರಿದ್ದು ಮದುವೆಗೆ ಮೊದಲು. ಆಗ ಚಿಪ್‌ಗಳಿಗೆ ಚಿನ್ನದ ತಂತಿ ಕೂರಿಸುವ ಕೆಲಸ. ತಂತಿಯಲ್ಲಿ ಓಡುತ್ತಿದ್ದ ಸಂದೇಶಗಳು ಗಾಜಿನ ನೂಲಿನೊಳಗೆ ಬೆಳಕಾಗಿ ಓಡತೊಡಗಿದ ಮೇಲೆ ಅವಳ ಕೆಲಸವೂ ಬದಲಾಯಿತು. ಕೂದಲೆಳೆಯಂಥ ಗಾಜಿನ ನೂಲನ್ನು ಸೂಕ್ಷ್ಮದರ್ಶಕದಡಿ ಚಿಪ್‌ನ ಅಂಚಿಗೆ ತಂದು, ಮೀಟರಿನಲ್ಲಿ ಬೆಳಕು ತುಂಬಿ ಬಂದ ಕಡೆ ನಿಲ್ಲಿಸಿ, ಅಂಟಿನ ಹನಿ ಬಿಟ್ಟು, ನೀಲಿ ದೀಪದಲ್ಲಿ ಗಟ್ಟಿ ಮಾಡಬೇಕು. ಚೂರು ಅತ್ತಿತ್ತಾದರೂ ಬೆಳಕು ಒಳಹೊಗದು.

ಈ ಸಲ ಹರಿರಾಯ ಎಂಬ ರಂಜಾನ್ ಹಬ್ಬದ ರಜೆ ಮುಗಿಸಿ ಬಂದದ್ದೇ ತಡ, ಅವಳ ಕೆಲಸ ಕೆಡತೊಡಗಿತು. ಮೀಟರು ಸರಿಯೆಂದದ್ದು ಅಂಟು ಆರುವಷ್ಟರಲ್ಲಿ ತಪ್ಪಿರುತ್ತಿತ್ತು. ಸಾಲಿನಲ್ಲಿ ಬೇರೆ ಯಾರಿಗೂ ಹೀಗಿಲ್ಲ. ತನ್ನ ಕೈಯೇ ನಡುಗುತ್ತಿದೆಯೇ ಎಂದು ಅವಳಿಗೆ ಅನುಮಾನ ಬಂತು. ಕೊನೆಗಾಲದಲ್ಲಿ ಅವಳ ತಾಯಿಯ ಕೈ ನಡುಗಿ ನಡುಗಿ ಚಹಾ ಲೋಟವೂ ನಿಲ್ಲುತ್ತಿರಲಿಲ್ಲ. ಮನೆಯಲ್ಲಿ ಮೀನು ಹೆಚ್ಚಲು ಕೂತವಳು ತನ್ನ ಬೆರಳನ್ನೇ ನೋಡುತ್ತ ಉಳಿದಳು.

“ಏನೇ, ಮೀನು ಎದ್ದು ಈಜ್ಲಿ ಅಂತ ಕಾಯ್ತಿದ್ದೀಯಾ?” ಎಂದ ಗಂಡ ರೋಸ್ದಿ.

ಅವಳು ಅಳುತ್ತ ಎಲ್ಲ ಹೇಳಿದಳು. ರೋಸ್ದಿ ಚಾಕು ತಗೊಂಡು ತಾನೇ ಮೀನು ಹೆಚ್ಚಿದ. “ಬಚ್ಚಿಟ್ರೆ ಹೋಗುತ್ತಾ? ನಾಳೆ ಹೇಳ್ಬಿಡು.”

ಮರುದಿನ ಎಂಜಿನಿಯರ್ ಸ್ಯೂ ಲಿಂಗ್ ಮುಂದೆ ನಿಂತಳು. “ಮಿಸ್, ನನ್ನ ಕೈ ನಡುಗ್ತಿದೆ ಅನ್ಸುತ್ತೆ. ಪ್ಯಾಕಿಂಗಿಗೆ ಹಾಕ್ಬಿಡಿ.”

“ತಡೀರಿ ಅಕ್ಕ. ಮೊದ್ಲು ಜಾಗ ಬದಲಾಯಿಸಿ ನೋಡೋಣ.”

ಗೆಳತಿ ಲೆಚ್ಚುಮಿಯ ಮೇಜಿಗೆ ಸಲ್ಬಿಯಾ, ಸಲ್ಬಿಯಾಳ ಮೇಜಿಗೆ ಲೆಚ್ಚುಮಿ. ಸಲ್ಬಿಯಾ ಕೂರಿಸಿದ್ದೆಲ್ಲ ಒಂದಾದ ಮೇಲೊಂದು ಸರಿಬಂತು. ಅತ್ತ ಲೆಚ್ಚುಮಿ ಕೂಗಿದಳು: “ಮಿಸ್, ಇಲ್ಲಿ ನೂಲು ಕುಣೀತಿದೆ!”

ಸ್ಯೂ ಲಿಂಗ್ ಮೇಜಿನ ಮೇಲೆ ತೆಳು ಕಾಗದದ ಪಟ್ಟಿ ಹಿಡಿದಳು. ಅದು ಪಟಪಟನೆ ಹಾರಿತು. ರಜೆಯಲ್ಲಿ ರಿಪೇರಿಗೆ ಬಂದವರು ಏಸಿಯ ಬಾಯನ್ನು ಈ ಮೇಜಿನ ಕಡೆಗೇ ತಿರುಗಿಸಿ ಹೋಗಿದ್ದರು. ಅಂಟು ಹಸಿಯಿರುವಾಗಲೇ ಗಾಳಿ ನೂಲನ್ನು ಸರಿಸುತ್ತಿತ್ತು. ಧೂಳು ಬೀಳದಂತೆ ಮೈ, ಮುಖವೆಲ್ಲ ಮುಚ್ಚುವ ದಿರಿಸು ತೊಟ್ಟ ಸಲ್ಬಿಯಾಳಿಗೆ ಗಾಳಿಯ ಸುಳಿವೇ ಸಿಕ್ಕಿರಲಿಲ್ಲ.

“ಕೈ ನಡುಗ್ತಿಲ್ಲ ಅಕ್ಕ, ಗಾಳಿ ಅಷ್ಟೆ,” ಎಂದಳು ಸ್ಯೂ ಲಿಂಗ್.

ಸಲ್ಬಿಯಾ ಬಟ್ಟೆ ಬದಲಿಸುವ ಕೋಣೆಗೆ ಹೋಗಿ, ಕೈಗವಸು ಕಿತ್ತು, ಬೆಂಚಿನ ಮೇಲೆ ದೊಪ್ಪನೆ ಕೂತಳು. ಬೆರಳುಗಳನ್ನು ಮುಂದೆ ಚಾಚಿ ಒಂದೊಂದಾಗಿ ಮಡಚಿ ಬಿಡಿಸಿ ನೋಡಿದಳು.

ಕ್ಯಾಂಟೀನಿನಲ್ಲಿ ಲೆಚ್ಚುಮಿ ಬಿಡಲಿಲ್ಲ. “ಪ್ಯಾಕಿಂಗಿಗೆ ಹೋಗ್ತಿದ್ರಂತೆ? ಅಲ್ಲಿ ಕೂತಲ್ಲೇ ನಿದ್ದೆ ಹೋಗ್ತಿದ್ರಿ, ನಿಮ್ಮ ಗೊರಕೆಗೆ ಡಬ್ಬಗಳೆಲ್ಲ ಹಾರ್ತಿದ್ವು!”

“ಮುಚ್ಚೇ ಬಾಯಿ,” ಎಂದು ಸಲ್ಬಿಯಾ ಅವಳ ತಟ್ಟೆಯಿಂದಲೇ ಕರಿದ ಮೀನು ಎತ್ತಿಕೊಂಡಳು.

ಈಚೆಗೆ ಅವಳಿಗೆ ಕನ್ನಡಕ ಬಂದಿದೆ. ಕೈಯ ಭಯವನ್ನು ಬಚ್ಚಿಟ್ಟಂತೆ ಇದನ್ನು ಬಚ್ಚಿಡುವುದಿಲ್ಲ. ಮೂಗು ನೋಯುತ್ತದೆಂದು ಸಿಕ್ಕಸಿಕ್ಕವರಿಗೆಲ್ಲ ದೂರುತ್ತಾಳೆ.